ಹಾಡು ತುಂಬಿದ ಪೆನ್‌ಡ್ರೈವ್: ಟ್ರ್ಯಾಕ್ಟರಿಗೆ ಸರಿ, ಮನೆಗೆ?

ಹುಬ್ಬಳ್ಳಿಯ ಮೊಬೈಲ್ ಅಂಗಡಿಗಳಲ್ಲಿ ‘ಜಾನಪದ ಹಿಟ್ಸ್’ ಎಂದು ತುಂಬಿ ಕೊಡುವ 32 ಜಿಬಿ ಪೆನ್‌ಡ್ರೈವಿನ ಸೌಂಡಿನಲ್ಲಿ ಕೊರತೆಯಿಲ್ಲ. 128 ಕೆಬಿಪಿಎಸ್ ಎಂಪಿ3, ಟ್ರ್ಯಾಕ್ಟರ್ ಡೆಕ್ಕಿಗೆ ಅಷ್ಟು ಸಾಕು. ಹಾಡಿಗೆ 5 ಎಂಬಿ ಎಂದರೂ 6,000 ಹಾಡು ಹಿಡಿಯುತ್ತದೆ. ಕೊರತೆ ಇರುವುದು ಸಾಹಿತ್ಯದಲ್ಲಿ.

ಗಂಡ-ಹೆಂಡತಿ ಜಗಳದ ಹಾಡುಗಳನ್ನೇ ಕೇಳಿ. ಕಪಾಳಕ್ಕೆ ಬಾರಿಸುವ ಸದ್ದನ್ನು ತಾಳದ ಪೆಟ್ಟಿಗೆ ಸರಿಯಾಗಿ ಕೂರಿಸಿ, ಹಿಂದೆಯೇ ನಗು ಸೇರಿಸುತ್ತಾರೆ. ಹೊಡೆತ ವಾದ್ಯವಾಗಿಬಿಡುತ್ತದೆ, ಕುಣಿಯುವ ಮಗುವಿಗೆ ಅದು ಹೊಡೆತ ಅನ್ನಿಸುವುದೇ ಇಲ್ಲ. ‘ಉಂಡು ಮಲಗೋತನಕ’ ಎಂಬ ಗಾದೆ ಸೇರಿದರೆ ತಪ್ಪೂ ಮುಚ್ಚಿಹೋಯಿತು. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಮದುವೆಯಾದ ಹೆಂಗಸರ ಪೈಕಿ ಶೇ 44.4 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದಾರೆ. ಇದು ನಗುವ ವಿಷಯವಲ್ಲ.

‘ಬಂಜಿ’ ಎಂದು ಹಂಗಿಸುವ ಸಾಲುಗಳೂ ಸಿಗುತ್ತವೆ. ಮಕ್ಕಳಿಲ್ಲವೆಂದೋ ಗಂಡುಮಗು ಹುಟ್ಟಲಿಲ್ಲವೆಂದೋ ಮೂದಲಿಸುವುದನ್ನು 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಹಿಂಸೆ ಎಂದೇ ಹೆಸರಿಸಿದೆ. ಇನ್ನು ಸೋದರಮಾವನ ಮಗಳ ಹಾಡುಗಳಲ್ಲಿ ಆಕೆಯ ‘ಒಲ್ಲೆ’ ಅನ್ನುವುದು ಬರೀ ನಾಚಿಕೆ. ಒಲ್ಲೆನೆಂದವಳ ಬೆನ್ನು ಬೀಳುವುದು 2013ರಿಂದಲೇ ಅಪರಾಧ.

ಜಾನಪದ ಎಂಬ ಹೆಸರೇ ಇಲ್ಲಿ ನೋವು ಕೊಡುತ್ತದೆ. ಬೀಸುವ ಕಲ್ಲಿನ ತ್ರಿಪದಿಯಲ್ಲೂ ಅತ್ತೆಮನೆಯ ಸಂಕಟವಿದೆ. ಆದರೆ ಅಲ್ಲಿ ಹಾಡುವವಳು ನೊಂದವಳೇ, ತವರನ್ನು, ಅಣ್ಣನನ್ನು ನೆನೆದು. ಇಲ್ಲಿ ಹೊಡೆಯುವವನ ದನಿ ಮಾತ್ರ.

ಕೊಂಡಿದ್ದರೆ ಹಸನು ಮಾಡಿಕೊಳ್ಳಬಹುದು. ಹೆಚ್ಚಿನ ಡೆಕ್ಕುಗಳಲ್ಲಿ ಅಳಿಸಲಾಗದು, ಕಂಪ್ಯೂಟರ್ ಇದ್ದರೆ ಸುಲಭ. ಮೊದಲು ಫೈಲುಗಳನ್ನು ಸೈಜಿನ ಪ್ರಕಾರ ಜೋಡಿಸಿ. ಒಂದೇ ಹಾಡು ನಾಲ್ಕು ಹೆಸರಿನಲ್ಲಿದ್ದರೆ ಅಕ್ಕಪಕ್ಕ ಬಂದು ನಿಲ್ಲುತ್ತದೆ. ಪಲ್ಲವಿ ಕೇಳಿ ಬಿಡಬೇಡಿ, ಬೈಗುಳ ಹೆಚ್ಚಾಗಿ ಎರಡನೇ ಚರಣದಲ್ಲಿರುತ್ತದೆ. ಹಾಡಿನ ಹೆಣ್ಣಿಗೆ ಒಂದಾದರೂ ಸಾಲು ಇದೆಯೇ, ಆಕೆ ಬೇಡ ಅಂದಾಗ ಗಂಡು ನಿಂತನೇ ಎಂದು ನೋಡಿ, ಇಲ್ಲದಿದ್ದರೆ ಅಳಿಸಿ. ಖಾಲಿ ಪೆನ್‌ಡ್ರೈವ್ ಒಯ್ದು ನಿಮ್ಮದೇ ಪಟ್ಟಿ ಕೊಟ್ಟು ತುಂಬಿಸುವುದು ಇನ್ನೂ ಒಳ್ಳೆಯದು. 64 ಜಿಬಿಯದಾದರೆ ತುಂಬಿಸುವ ಮೊದಲೇ ಫ್ಯಾಟ್32 ಎಂಬ ಫೈಲ್ ವ್ಯವಸ್ಥೆಗೆ ಫಾರ್ಮ್ಯಾಟ್ ಮಾಡಿಸಿ, ಇಲ್ಲವಾದರೆ ಹಳೆ ಡೆಕ್ಕು ಓದುವುದಿಲ್ಲ.