ಅಂಗಡಿಗೆ ಹೊಳೆ ಬಂದಾಗ 'ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ' ಇನ್ಶೂರೆನ್ಸ್ ಪಾಲಿಸಿ ಎಷ್ಟು ಕೈಹಿಡಿಯಿತು?

ಗೋಕಾಕದಲ್ಲಿ ನಮ್ಮದು ನೋಟ್‌ಬುಕ್, ಪೆನ್ನು, ಸ್ಕೂಲ್ ಬ್ಯಾಗಿನ ಅಂಗಡಿ. ಲೋಳಸೂರ ಸೇತುವೆ ಮೇಲೆ ಘಟಪ್ರಭಾ ನೀರು ಬಂತು ಅಂದರೆ ನಾವು ಕೆಳಗಿನ ರ್‍ಯಾಕ್ ಖಾಲಿ ಮಾಡಲು ಶುರು ಮಾಡುತ್ತೇವೆ.

2019ರ ಆಗಸ್ಟ್‌ನಲ್ಲಿ ಅದಕ್ಕೂ ಪುರುಸೊತ್ತು ಸಿಗಲಿಲ್ಲ. ನೀರು ಕುಡಿದ ನೋಟ್‌ಬುಕ್ ಉಬ್ಬಿ ರ್‍ಯಾಕಿನಲ್ಲೇ ಬಿಗಿದು ಕೂರುತ್ತದೆ. ಸಲಿಕೆಯಿಂದ ಕೆತ್ತಿ ತೆಗೆದೆವು. ಇನ್ಶೂರೆನ್ಸ್ ಇತ್ತು, ಆದರೆ ಪ್ರೀಮಿಯಂ ಉಳಿಸಲು ಏಜೆಂಟರು ಪ್ರವಾಹದ ಭಾಗವನ್ನೇ ತೆಗೆಸಿದ್ದರು. ನಾನೂ ಓದದೆ ಸಹಿ ಹಾಕಿದ್ದೆ, ಸುಳ್ಳು ಯಾಕೆ ಹೇಳಲಿ.

ಈಗ ಮಾಡಿಸಿರುವುದು 'ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ'. 2021ರ ಏಪ್ರಿಲ್‌ನಿಂದ ಬಂದ ಪಾಲಿಸಿ. ಒಂದು ಜಾಗದಲ್ಲಿ ಕಟ್ಟಡ, ಸರಕು ಎಲ್ಲ ಸೇರಿ 5 ಕೋಟಿ ರೂಪಾಯಿವರೆಗೆ ಇರುವವರಿಗೆ. ಪ್ರವಾಹ ಇದರೊಳಗೇ ಬರುತ್ತದೆ. ನೀರು ಬಂದ 7 ದಿನದೊಳಗೆ ಅದೇ ಗಲಾಟೆಯಲ್ಲಿ ಕಳ್ಳತನ ಆದರೆ ಅದಕ್ಕೂ ಕವರ್ ಇದೆ. ಇದು ನನಗೆ ತುಂಬಾ ಇಷ್ಟವಾಯಿತು. ಶಟರ್ ಬಾಗಿದ ಅಂಗಡಿ ಬಿಟ್ಟು ಬಂದು ರಾತ್ರಿ ನಿದ್ದೆ ಮಾಡಲು ನೋಡಿದವರಿಗೆ ಗೊತ್ತು.

2024ರ ಜುಲೈನಲ್ಲಿ ಮತ್ತೆ ನೀರು. ಈ ಸಲ ಮೊಣಕಾಲು ಮಟ್ಟ. ನಷ್ಟ ಲೆಕ್ಕ ಹಾಕುವ ಸರ್ವೇಯರ್ ಬರುವವರೆಗೆ ಏನೂ ಎಸೆಯಬೇಡಿ ಅಂದರು ಇನ್ಶೂರೆನ್ಸ್ ಕಂಪನಿಯವರು. ನಾಲ್ಕು ದಿನ ಆ ಕೊಳೆತ ವಾಸನೆ! ಬಂದವರು ಮೊದಲು ಕೇಳಿದ್ದು ಖರೀದಿ ಬಿಲ್. ಬಿಲ್ ಫೈಲ್ ಮುದ್ದೆಯಾಗಿತ್ತು. ಟ್ಯಾಕ್ಸ್ ನೋಡಿಕೊಳ್ಳುವವರ ಕಂಪ್ಯೂಟರಿನಲ್ಲಿ ಜಿಎಸ್‌ಟಿ ಲೆಕ್ಕ ಇತ್ತು, ಬಚಾವಾದೆವು. ಪ್ರತಿ ತಿಂಗಳು ಬೈದುಕೊಂಡೇ ಕಟ್ಟುವವನು ಅವತ್ತು ಜಿಎಸ್‌ಟಿಗೆ ಕೈ ಮುಗಿದೆ.

ಆದರೂ ಪೂರ್ತಿ ದುಡ್ಡು ಬರಲಿಲ್ಲ. ಅದು ನನ್ನದೇ ತಪ್ಪು. ಪಾಲಿಸಿ ಮಾಡಿಸಿದ್ದು ಫೆಬ್ರವರಿಯಲ್ಲಿ, ಸ್ಟಾಕ್ ಕಡಿಮೆ ಇದ್ದಾಗ. ಶಾಲೆ ಶುರುವಾದ ಮೇಲೆ ಅಂಗಡಿ ತುಂಬಿರುತ್ತದೆ, ಅಲ್ವಾ? ಪಾಲಿಸಿಯಲ್ಲಿ ಬರೆಸಿದ ಮೊತ್ತ ಸರಕಿನ ನಿಜವಾದ ಬೆಲೆಗಿಂತ ಶೇ 15ರವರೆಗೆ ಕಡಿಮೆ ಇದ್ದರೆ ಕಂಪನಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದನ್ನು ದಾಟಿದರೆ ಕತ್ತರಿ. 10 ಲಕ್ಷದ ಸರಕಿಗೆ 7 ಲಕ್ಷ ಬರೆಸಿದ್ದರೆ, 1 ಲಕ್ಷದ ನಷ್ಟಕ್ಕೆ 70 ಸಾವಿರದ ಲೆಕ್ಕ. ಅದೂ ಖರೀದಿ ಬೆಲೆಯ ಮೇಲೆ, ಮಾರುವ ಬೆಲೆಯ ಮೇಲಲ್ಲ.

ಅಂಗಡಿ ಮುಚ್ಚಿದ ದಿನಗಳ ವ್ಯಾಪಾರಕ್ಕೆ ಒಂದು ಪೈಸೆಯೂ ಇಲ್ಲ. ಹುಡುಗರ ಸಂಬಳ ಕೈಯಿಂದಲೇ ಹೋಯಿತು. ಕಸ, ಕೆಸರು ಎತ್ತಿಸಲು ಕೊಡುವುದು ಕ್ಲೇಮಿನ ಶೇ 2ರವರೆಗೆ ಮಾತ್ರ. ಆ ಕೆಸರಿಗೆ ಅದು ಯಾವ ಮೂಲೆಗೆ?

ಐದಕ್ಕೆ ಮೂರೂವರೆ ಕೊಡುತ್ತೇನೆ. ಈ ವರ್ಷ ಜೂನ್ ಸ್ಟಾಕಿನ ಲೆಕ್ಕದಲ್ಲೇ ಬರೆಸಿದೆ, ಪ್ರೀಮಿಯಂ ಜಾಸ್ತಿಯೇ ಆಯಿತು. ಪ್ರತಿ ಬಿಲ್ಲಿನ ಫೋಟೊ ಹುಬ್ಬಳ್ಳಿಯಲ್ಲಿರುವ ತಂಗಿಯ ಫೋನಿಗೂ ಕಳಿಸುತ್ತೇನೆ. ಅವಳು ನನ್ನನ್ನು ಮ್ಯೂಟ್ ಮಾಡಿದ್ದಾಳಂತೆ. ಪರವಾಗಿಲ್ಲ, ಡಿಲೀಟ್ ಮಾಡದಿದ್ದರೆ ಸಾಕು.