ಹರ್ಬಿ ನಿಕೋಲ್ಸ್‌ನ ಬ್ಲೂ ನೋಟ್ ಧ್ವನಿಮುದ್ರಣಗಳು: ಕೊಡಗಿನ ಮಳೆಗೆ ಸೀಡಿಯೇ ವಾಸಿ

ಜಾಝ್ ಕೇಳುವವರಲ್ಲೂ ಹರ್ಬಿ ನಿಕೋಲ್ಸ್ ಹೆಸರು ಗೊತ್ತಿರುವವರು ಕಡಿಮೆ. ನ್ಯೂಯಾರ್ಕಿನಲ್ಲಿ 1919ರಲ್ಲಿ ಹುಟ್ಟಿ 1963ರಲ್ಲಿ ತೀರಿಕೊಂಡ ಈ ಪಿಯಾನೋ ವಾದಕ ಹೊಟ್ಟೆಪಾಡಿಗೆ ಡಿಕ್ಸಿಲ್ಯಾಂಡ್ ಎಂಬ ಹಳೆಯ ಶೈಲಿಯ ಜಾಝ್ ತಂಡಗಳಲ್ಲಿ ನುಡಿಸುತ್ತಿದ್ದ. ಸ್ವಂತ ರಚನೆಗಳಿಗೆ ದಕ್ಕಿದ ದೊಡ್ಡ ಅವಕಾಶವೆಂದರೆ ಬ್ಲೂ ನೋಟ್ ರೆಕಾರ್ಡ್ ಕಂಪನಿಗಾಗಿ 1955ರ ಮೇ ತಿಂಗಳಿಂದ 1956ರ ಏಪ್ರಿಲ್‌ವರೆಗೆ ಮಾಡಿದ ಟ್ರಯೋ (ಪಿಯಾನೋ, ಬೇಸ್, ಡ್ರಮ್ಸ್‌ನ ಮೂವರ ತಂಡ) ಧ್ವನಿಮುದ್ರಣಗಳು. ಇವೆಲ್ಲ 1997ರಲ್ಲಿ ಮೂರು ಸೀಡಿಗಳ ಒಂದು ಸೆಟ್ಟಾಗಿ ಬಂದವು.

ಮೊದಲು 'ಹೌಸ್ ಪಾರ್ಟಿ ಸ್ಟಾರ್ಟಿಂಗ್' ಹಾಕಿ. ಹೆಸರಿನಲ್ಲಿ ಪಾರ್ಟಿ ಇದ್ದರೂ ನಡೆ ನಿಧಾನ, ಸ್ವರಗಳಲ್ಲಿ ಏನೋ ಅನುಮಾನ. ಮೂಲ ರಾಗ ಬಿಟ್ಟು ಹಾರುವುದು ಈತನ ಜಾಯಮಾನವಲ್ಲ. ಅದರ ತುಂಡುಗಳನ್ನೇ ತಿರುವಿ ತಿರುವಿ ಮುಂದಕ್ಕೆ ಒಯ್ಯುತ್ತಾನೆ. ಹಾಗಾಗಿ ಮೊದಲ ಒಂದು ನಿಮಿಷ ಗಮನ ಕೊಡದಿದ್ದರೆ ಮುಂದಿನದೆಲ್ಲ ಸುಮ್ಮನೆ ಗೋಜಲೆನಿಸುತ್ತದೆ. ಇನ್ನೊಬ್ಬ ಪಿಯಾನೋ ವಾದಕ ಥೆಲೋನಿಯಸ್ ಮಂಕ್‌ನ ನೆರಳು ಎನ್ನುವವರು ಸಾಮಾನ್ಯವಾಗಿ ಅಷ್ಟೂ ಕೇಳಿರುವುದಿಲ್ಲ.

ಆಮೇಲೆ ಡ್ರಮ್ಸ್. 1955ರ ಮೇ ತಿಂಗಳ ಮುದ್ರಣಗಳಲ್ಲಿ ಆರ್ಟ್ ಬ್ಲೇಕಿ, ಆನಂತರದವುಗಳಲ್ಲಿ ಮ್ಯಾಕ್ಸ್ ರೋಚ್. ವಾಲಗಕ್ಕೆ ಕುಣಿಯುವವರ ಕಿವಿ ಡೋಲಿನ ಮೇಲಿರುವಂತೆ ಇಲ್ಲೂ ಡ್ರಮ್ಸ್ ಹಿಡಿದೇ ಕೇಳಬೇಕು. ರಾಗದ ನಡುವೆ ನಿಕೋಲ್ಸ್ ಬೇಕೆಂದೇ ಜಾಗ ಬಿಡುತ್ತಾನೆ, ಅದನ್ನು ತುಂಬುವುದು ಡ್ರಮ್ಮರ್. 'ದ ಥರ್ಡ್ ವರ್ಲ್ಡ್'ನಲ್ಲಿ ಬ್ಲೇಕಿಯ ಪೆಟ್ಟು ಗಟ್ಟಿ. 'ದ ಗಿಗ್'ನಲ್ಲಿ ರೋಚ್ ಚುರುಕು, ಮಾತು ಬಿಡಿಸಿ ಆಡಿದಂತೆ ಸ್ಪಷ್ಟ. ನಮ್ಮ ಓಟು ರೋಚ್‌ಗೆ.

ಕೊರತೆಯೂ ಇದೆ. ಧ್ವನಿಮುದ್ರಣ ಎಂಜಿನಿಯರ್ ರೂಡಿ ವ್ಯಾನ್ ಗೆಲ್ಡರ್ ಆಗ ನ್ಯೂಜೆರ್ಸಿಯ ಹ್ಯಾಕೆನ್‌ಸ್ಯಾಕ್‌ನ ತನ್ನ ತಂದೆತಾಯಿಯ ಮನೆಯ ಹಾಲ್‌ನಲ್ಲೇ ಮುದ್ರಿಸುತ್ತಿದ್ದ. ಎಲ್ಲವೂ ಮೋನೋ (ಎಡ-ಬಲ ಬೇರೆಯಿಲ್ಲದ ಒಂದೇ ಧ್ವನಿ), ಪಿಯಾನೋ ಸ್ವಲ್ಪ ಡಬ್ಬಿಯೊಳಗಿಂದ ಬಂದ ಹಾಗೆ. ಸಣ್ಣ ಬ್ಲೂಟೂತ್ ಸ್ಪೀಕರಿನಲ್ಲಿ ಬೇಸ್ ಮಾಯವಾಗುತ್ತದೆ. ಶೀಟ್ ಮಾಡಿಗೆ ಮಳೆ ಹೊಡೆಯುವಾಗ ಸಿಂಬಲ್ ಕೂಡ ಕೇಳಿಸದು. ಕಿವಿ ಮುಚ್ಚುವ ಹೆಡ್‌ಫೋನ್ ಇಟ್ಟುಕೊಳ್ಳಿ. ಸೆಟ್ಟಿನಲ್ಲಿ ಒಂದೇ ರಚನೆಯನ್ನು ಮತ್ತೆ ನುಡಿಸಿ ಮುದ್ರಿಸಿದ ಬೇರೆ ಟೇಕ್‌ಗಳೂ ಇವೆ. ಮೊದಲ ಸುತ್ತಿಗೆ ಅವನ್ನು ಬಿಟ್ಟುಬಿಡಿ, ಬೇಸರ ಬರುತ್ತದೆ.

ಎಲ್‌ಪಿಯೇ ಬೇಕೆಂದರೆ ಹತ್ತು ರಚನೆಗಳ 12 ಇಂಚಿನ 'ಹರ್ಬಿ ನಿಕೋಲ್ಸ್ ಟ್ರಯೋ' ಸಾಕು. ಅದರಲ್ಲಿ ಸಂಯೋಜಕ ಗರ್ಶ್‌ವಿನ್‌ನ 'ಮೈನ್' ಬಿಟ್ಟು ಉಳಿದ ಒಂಬತ್ತೂ ಈತನವೇ. ಗಾಯಕಿ ಬಿಲ್ಲಿ ಹಾಲಿಡೇ ಸಾಹಿತ್ಯ ಬರೆದು ಹಾಡಿದ 'ಲೇಡಿ ಸಿಂಗ್ಸ್ ದ ಬ್ಲೂಸ್' ಕೂಡ ಇದೆ. ಆದರೆ ಕೊಡಗಿನ ಕಕ್ಕಡ ತಿಂಗಳ (ಜುಲೈ-ಆಗಸ್ಟ್‌ನ ಜಡಿಮಳೆಯ) ತೇವಕ್ಕೆ ರಟ್ಟಿನ ಕವರಿಗೂ ಒಳಗಿನ ಕಾಗದಕ್ಕೂ ಬೂಷ್ಟು ಹಿಡಿಯುತ್ತದೆ, ಅಲ್ಲಿಂದ ತಟ್ಟೆಯಲ್ಲಿ ಮುಳ್ಳು ಓಡುವ ಗೀರುಗಳಿಗೆ ಇಳಿದರೆ ಚಟಪಟ ಸದ್ದು. ಹೊರಗೋಡೆಗೆ ತಾಗಿದ ಕಪಾಟು ಬೇಡ. ಒಳಕವರು ಪಾಲಿಥೀನಿನದಾಗಿರಲಿ, ತಟ್ಟೆಗಳು ನೆಟ್ಟಗೆ ನಿಂತಿರಲಿ, ಪಕ್ಕದಲ್ಲಿ ಸಿಲಿಕಾ ಜೆಲ್ ಇರಲಿ. ಜೆಲ್ ತೇವ ಕುಡಿದ ಮೇಲೆ ಬಿಸಿಮಾಡಿ ಒಣಗಿಸಬೇಕು, ಇಲ್ಲದಿದ್ದರೆ ಇಟ್ಟೂ ವ್ಯರ್ಥ. ಒರೆಸಲು ಡಿಸ್ಟಿಲ್ಡ್ ವಾಟರ್ ಮಾತ್ರ. ಬಾವಿ ನೀರಿನ ಲವಣ ಗೀರಿನಲ್ಲೇ ಕೂರುತ್ತದೆ. ಆಂಪ್ಲಿಫೈಯರಿನಲ್ಲಿ ಮೋನೋ ಸ್ವಿಚ್ ಇದ್ದರೆ ಹಾಕಿ, ಕರಕರ ಸದ್ದು ಸಾಕಷ್ಟು ತಗ್ಗುತ್ತದೆ.

1955ರ 'ಪ್ರೊಫೆಟಿಕ್' ಹೆಸರಿನ ಎರಡು ಮೂಲ ತಟ್ಟೆಗಳು 10 ಇಂಚಿನವು. ಆಟೋಮ್ಯಾಟಿಕ್ ಟರ್ನ್‌ಟೇಬಲ್ ಮುಳ್ಳನ್ನು 12 ಇಂಚಿನ ಅಳತೆಗೆ ಇಳಿಸಿದರೆ ಅದು ತಟ್ಟೆಯ ಆಚೆ, ಮ್ಯಾಟ್ ಮೇಲೆ ಬಿದ್ದು ಹಾಳಾಗುತ್ತದೆ. ಅಳತೆಯ ಸ್ವಿಚ್ ಇಲ್ಲದಿದ್ದರೆ ಕೈಯಲ್ಲೇ ಇಳಿಸಿ.