ಹಸಿರು ಚುಕ್ಕಿ, ಹಲಾಲ್ ಮುದ್ರೆ, ಮೊಬೈಲ್ ಆ್ಯಪ್: ಯಾವುದನ್ನು ಎಷ್ಟು ನಂಬಿದೆ

ನಮ್ಮ ಮನೆಯ ಶೆಲ್ಫಿನಲ್ಲಿ ನಾಲ್ಕು ಡಬ್ಬಿ ಇದ್ದವು. ಉಮ್ಮನ ಮೊಣಕಾಲಿಗೆ ಗ್ಲುಕೋಸಮೈನ್, ಜತೆಗೆ ಗಲ್ಫಿನಿಂದ ಬಂದ ಮೀನೆಣ್ಣೆ ಗುಳಿಗೆ, ನನಗೆ ವಿಟಮಿನ್ ಡಿ, ಜಿಮ್ಮಿಗೆ ಹೋಗುವ ಮಗನಿಗೆ ವೇ ಪ್ರೋಟೀನ್. ಕುಂಬಳೆ ಪೇಟೆಯಲ್ಲಿ ಕೋಳಿ ತಕ್ಕೊಳ್ಳುವಾಗ ಕೊಯ್ದದ್ದು ಯಾರು ಅಂತ ಕೇಳದೆ ದುಡ್ಡು ಬಿಚ್ಚದ ಉಮ್ಮ, ಮೀನೆಣ್ಣೆಯನ್ನು ಮಾತ್ರ ಎರಡು ವರ್ಷ ಒಂದೂ ಪ್ರಶ್ನೆ ಕೇಳದೆ ನುಂಗಿದ್ದರು. "ಮೀನಲ್ವಾ ಮೋಳೆ (ಮಗಳೇ), ಅದನ್ನೂ ಬಿಸ್ಮಿ ಹೇಳಿ ಕೊಯ್ಯಬೇಕಾ?"

ಅಲ್ಲಾಹನ ಹೆಸರು ಹೇಳಿ ಕೊಯ್ಯುವುದು ಮೀನಿಗೆ ಬೇಡ, ಸರಿ. ಆದರೆ ಎಣ್ಣೆಯ ಸುತ್ತ ಹೊಳೆಯುವ ಮೆತ್ತಗಿನ ಸಿಪ್ಪೆ ಉಂಟಲ್ಲ, ಅದು ಯಾವುದರದ್ದು? ಈ ಪ್ರಶ್ನೆ ಎತ್ತಿದ್ದು ಮಗ. ಅಲ್ಲಿಂದ ನಾಲ್ಕು ತಿಂಗಳು ನಾನು ಒಂದೊಂದೇ ದಾರಿ ಹಿಡಿದು ನೋಡಿದೆ.

ಮೊದಲು ಅಡುಗೆಮನೆಯ ಪರೀಕ್ಷೆ. ಉಮ್ಮನ ಸಾಫ್ಟ್‌ಜೆಲ್ ಒಂದನ್ನು ಸೂಜಿಯಿಂದ ಚುಚ್ಚಿ, ಎಣ್ಣೆ ಹಿಂಡಿ, ಸಿಪ್ಪೆ ತೊಳೆದು ಒಣಗಿಸಿ ಗ್ಯಾಸಿನ ಉರಿಗೆ ಹಿಡಿದೆ. ಸುರುಟಿಕೊಂಡು, ಕಪ್ಪಾಗಿ, ಕೂದಲು ಸುಟ್ಟ ನಾತ ಮನೆಯೆಲ್ಲ ಹರಡಿತು. ವೆಜ್ ಕ್ಯಾಪ್ಸೂಲ್ ಎಂದು ಬರೆದಿದ್ದ ಇನ್ನೊಂದು ಡಬ್ಬಿಯ ಸಿಪ್ಪೆಯನ್ನು ಹಿಡಿದರೆ ಕಾಗದ ಸುಟ್ಟ ವಾಸನೆ. ಮೊದಲಿನದು ಜೆಲಾಟಿನ್, ಅಂದರೆ ಪ್ರಾಣಿಯ ಎಲುಬು-ಚರ್ಮದ ಪ್ರೋಟೀನು. ಎರಡನೆಯದು ಎಚ್‌ಪಿಎಂಸಿ, ಗಿಡಮರದ ನಾರಿನಿಂದ ಮಾಡಿದ್ದು. ಪ್ರಾಣಿಯೋ ಗಿಡವೋ ಅಂತ ಗೊತ್ತಾಯ್ತು, ಯಾವ ಪ್ರಾಣಿ ಅಂತ ಗೊತ್ತಾಗಲಿಲ್ಲ. ನಮ್ಮ ದೇಶದ ಜೆಲಾಟಿನ್ ಹೆಚ್ಚಾಗಿ ದನ-ಎಮ್ಮೆಗಳ ಎಲುಬಿನದು; ಯುರೋಪಿನಲ್ಲಿ ಹಂದಿಯ ಚರ್ಮದ್ದೇ ಜಾಸ್ತಿ. ಸುಟ್ಟರೆ ಎರಡರ ನಾತವೂ ಒಂದೇ.

ಎರಡನೆಯದು ಹಸಿರು ಚುಕ್ಕಿ. ಇದನ್ನು ನಾನು ಇಷ್ಟು ಮೆಚ್ಚಿಕೊಳ್ಳುತ್ತೇನೆಂದು ಅಂದುಕೊಂಡಿರಲಿಲ್ಲ. ಸಸ್ಯಾಹಾರಿಗಳಿಗೆ ಅಂತ ಇಟ್ಟ ಗುರುತು ನಮಗೂ ಅರ್ಧಕ್ಕಿಂತ ಹೆಚ್ಚು ಕೆಲಸ ಮಾಡಿಕೊಡುತ್ತದೆ. ಚೌಕದೊಳಗೆ ಹಸಿರು ಚುಕ್ಕಿ ಇದ್ದರೆ ಹಾಲು, ಜೇನು, ಜೇನುಮೇಣ, ಅರಗು ಇಂಥವನ್ನು ಬಿಟ್ಟು ಪ್ರಾಣಿಮೂಲದ ಏನೂ ಇರಕೂಡದು. ಜೆಲಾಟಿನ್ ಇಲ್ಲ, ಕೊಬ್ಬಿಲ್ಲ. ಹೊಸ ಲೇಬಲ್ ನಿಯಮದ ಪ್ರಕಾರ ಮಾಂಸಾಹಾರದ ಗುರುತು ಕಂದು ತ್ರಿಕೋನ. ಹಳೆಯ ಕಂದು ಚುಕ್ಕಿಗೂ ಹಸಿರಿಗೂ ವ್ಯತ್ಯಾಸ ತಿಳಿಯದೆ ಕನ್ನಡಕ ಹುಡುಕುತ್ತಿದ್ದ ಉಮ್ಮನಿಗೆ ಇದರಿಂದ ದೊಡ್ಡ ಉಪಕಾರ.

ಆದರೆ ಚುಕ್ಕಿಗೆ ಮೂರು ಕಡೆ ಕಣ್ಣು ಕಾಣಿಸುವುದಿಲ್ಲ. ಒಂದು, ಮೀನೆಣ್ಣೆ. ಮೀನಿಗಾಗಿಯೇ ಅದಕ್ಕೆ ತ್ರಿಕೋನ ಬಿದ್ದಾಗಿದೆ. ಸಿಪ್ಪೆ ದನದ್ದೋ, ಮೀನಿನದ್ದೋ, ಬೇರೆಯದ್ದೋ ತ್ರಿಕೋನ ಹೇಳುವುದಿಲ್ಲ. ಎರಡು, ಮದ್ದಿನ ಲೈಸೆನ್ಸಿನಲ್ಲಿ ಬರುವ ವಿಟಮಿನ್. ಎಫ್‌ಎಸ್‌ಎಸ್‌ಎಐಯ (ಆಹಾರ ಸುರಕ್ಷತಾ ಪ್ರಾಧಿಕಾರದ) 14 ಅಂಕಿಯ ನಂಬರ್ ಇಲ್ಲದೆ ಔಷಧದ ಲೈಸೆನ್ಸ್ ನಂಬರ್ ಇದ್ದರೆ ಅಲ್ಲಿ ಚುಕ್ಕಿಯೂ ಹುಡುಕಬೇಡಿ, ತ್ರಿಕೋನವೂ ಹುಡುಕಬೇಡಿ. ಮೂರನೆಯದೇ ದೊಡ್ಡದು: ಮದ್ಯಸಾರ. ಅದು ಸಸ್ಯಾಹಾರವೇ ತಾನೆ! ಹೆರಿಗೆಯ ನಂತರ ಕೇರಳದ ಮನೆಮನೆಯಲ್ಲಿ ಕುಡಿಸುವ ದಶಮೂಲಾರಿಷ್ಟದ ಬಾಟಲಿ ತಿರುಗಿಸಿ ನೋಡಿ. ಅರಿಷ್ಟ-ಆಸವಗಳಲ್ಲಿ ಹುದುಗುವಾಗ ತಾನಾಗಿ ಹುಟ್ಟುವ ಆಲ್ಕೊಹಾಲ್ ಇರುತ್ತದೆ, ಬಾಟಲಿಯ ಮೇಲೆ ಬರೆದೂ ಇರುತ್ತದೆ. ನನ್ನ ಬಾಣಂತನದಲ್ಲಿ ನಾನೂ ಕುಡಿದಿದ್ದೆ, ಯಾರೂ ಓದಿ ನೋಡಿರಲಿಲ್ಲ. ಈಗ ಧರ್ಮ ಕಲಿಸುವ ಉಸ್ತಾದರನ್ನು ಕೇಳಿದರೆ, "ಅದೇ ಗುಣದ ಕಷಾಯ ಸಿಗ್ತದಲ್ಲ, ಲೇಹ್ಯ ಸಿಗ್ತದಲ್ಲ, ಮತ್ತೆ ಸಂಶಯದ್ದು ಯಾಕೆ?" ಎಂದರು. ನಾದಿನಿಯ ಬಾಣಂತನಕ್ಕೆ ಲೇಹ್ಯ ತಂದೆವು.

ಮೂರನೆಯ ದಾರಿ ಆ್ಯಪ್. ಇದು ಬರೀ ತಲೆನೋವು. ಪದಾರ್ಥಗಳ ಪಟ್ಟಿಯ ಫೋಟೋ ತೆಗೆದರೆ ಐಎನ್‌ಎಸ್ ನಂಬರುಗಳನ್ನು, ಅಂದರೆ ಆಹಾರಕ್ಕೆ ಬೆರೆಸುವ ಪದಾರ್ಥಗಳ ಗುರುತಿನ ಅಂಕಿಗಳನ್ನು, ಓದಿ ತೀರ್ಪು ಕೊಡುತ್ತದೆ. 471 ಸಂಶಯ, 422 ಸಂಶಯ, 570 ಸಂಶಯ. ಇವೆಲ್ಲ ಕೊಬ್ಬಿನಿಂದಲೂ ಆಗಬಹುದು, ತಾಳೆ ಎಣ್ಣೆಯಿಂದಲೂ ಆಗಬಹುದು ಎಂಬುದು ನಿಜ. ಆದರೆ ಅದೇ ಡಬ್ಬಿಯ ಮೇಲೆ ಹಸಿರು ಚುಕ್ಕಿ ಇದ್ದರೆ 471 ಗಿಡದ್ದೇ ಆಗಿರಬೇಕಲ್ಲ, ಅಷ್ಟು ತರ್ಕ ಆ್ಯಪಿಗೆ ಬರುವುದಿಲ್ಲ. ಒಂದು ಸಂಜೆ ಮನೆಯ ಬಿಸ್ಕಿಟಿನಿಂದ ಹಿಡಿದು ಐಸ್‌ಕ್ರೀಮಿನವರೆಗೆ ಎಲ್ಲಕ್ಕೂ ಹಳದಿ ಬಣ್ಣ ತೋರಿಸಿ ಮಗಳನ್ನು ಅಳಿಸಿಬಿಟ್ಟಿತು. 120 ಎಂದರೆ ಕೀಟದಿಂದ ತೆಗೆದ ಕೆಂಪು ಬಣ್ಣ, 428 ಎಂದರೆ ಜೆಲಾಟಿನ್, ಈ ಎರಡು ನೆನಪಿಟ್ಟುಕೊಂಡೆ. ಆ್ಯಪ್ ತೆಗೆದುಹಾಕಿದೆ.

ಇನ್ನು ಹಲಾಲ್ ಮುದ್ರೆ. ಇದ್ದರೆ ಮುಗಿಯಿತು ಎಂದುಕೊಂಡಿದ್ದೆ, ಮುಗಿಯಲಿಲ್ಲ. ಬರೀ ಅರಬಿಯಲ್ಲಿ "ಹಲಾಲ್" ಎಂದು ವೃತ್ತದೊಳಗೆ ಬರೆದಿದ್ದರೆ ಅದು ಅಲಂಕಾರ. ಕೊಟ್ಟವರ ಹೆಸರಿರಬೇಕು. ಮಲೇಷ್ಯಾದಲ್ಲಿ ಮುದ್ರೆ ಕೊಡುವ ಜಾಕಿಂ ಸರಕಾರಿ ಇಲಾಖೆ. ನಮ್ಮಲ್ಲಿ ಇಂಥ ಡಬ್ಬಿಗಳಿಗೆ ಮುದ್ರೆ ಕೊಡುವವು ಜಮೀಯತ್ ಉಲಮಾದ ಹಲಾಲ್ ಟ್ರಸ್ಟಿನಂಥ ಖಾಸಗಿ ಸಂಸ್ಥೆಗಳು. ಉತ್ತರ ಪ್ರದೇಶ 2023ರ ನವೆಂಬರಿನಲ್ಲಿ ರಫ್ತಿನದ್ದನ್ನು ಬಿಟ್ಟು ಮುದ್ರೆಯ ಸಾಮಾನಿನ ಮಾರಾಟಕ್ಕೇ ತಡೆ ಹಾಕಿದ್ದು ನೆನಪಿರಬಹುದು. ಅಂತೂ ಮುದ್ರೆ ಇಲ್ಲದ ಮಾತ್ರಕ್ಕೆ ಹರಾಮ್ (ನಿಷಿದ್ಧ) ಅಂತ ತೀರ್ಮಾನಿಸಲು ಬರುವುದಿಲ್ಲ.

ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಕಂಪನಿಗೆ ಬರೆದ ಪತ್ರ. ಮೊದಲ ಪತ್ರದಲ್ಲಿ "ನಿಮ್ಮ ಗುಳಿಗೆ ಹಲಾಲಾ?" ಎಂದಷ್ಟೇ ಕೇಳಿದ್ದೆ. ಸಂಪೂರ್ಣ ಸುರಕ್ಷಿತ ಎಂಬ ಉತ್ತರ ಬಂತು. ಕೇಳಿದ್ದೊಂದು, ಹೇಳಿದ್ದೊಂದು. ಎರಡನೇ ಸಲ ಬಿಡಿಬಿಡಿಯಾಗಿ ಕೇಳಿದೆ: ಸಿಪ್ಪೆಯ ಜೆಲಾಟಿನ್ ಯಾವ ಪ್ರಾಣಿಯದ್ದು, ಆ ಜೆಲಾಟಿನಿಗೆ ಪ್ರಮಾಣಪತ್ರ ಕೊಟ್ಟವರು ಯಾರು, ಪರಿಮಳಕ್ಕೋ ಸತ್ವ ತೆಗೆಯಲಿಕ್ಕೋ ಎಥನಾಲ್ ಬಳಸಿದ್ದೀರಾ. ಒಂಬತ್ತು ದಿನಕ್ಕೆ ಉತ್ತರ ಬಂತು. ದನದ್ದು, ಎಥನಾಲ್ ಇಲ್ಲ, ಪ್ರಮಾಣಪತ್ರ ಲಗತ್ತಿಸಿದೆ. ತೆರೆದು ನೋಡಿದರೆ ಅದರ ಅವಧಿ ನಾಲ್ಕು ತಿಂಗಳ ಹಿಂದೆಯೇ ಮುಗಿದಿತ್ತು! ಪುನಃ ಬರೆದ ಮೇಲೆ ಹೊಸದು ಕಳಿಸಿದರು.

ದನದ್ದಾದರೆ ಸಾಲದು, ಕೊಯ್ದದ್ದೂ ಸರಿಯಿರಬೇಕು. ನಮ್ಮ ಶಾಫಿಈ ಮದ್‌ಹಬಿನಲ್ಲಿ (ಧರ್ಮಶಾಸ್ತ್ರದ ಪಂಥ) ಕ್ರಮದಂತೆ ಕೊಯ್ಯದ ಪ್ರಾಣಿಯ ಎಲುಬೂ ನಜಸ್, ಅಂದರೆ ಅಶುದ್ಧ, ಎಂದು ಉಸ್ತಾದರು ಬಿಡಿಸಿ ಹೇಳಿದರು. ಉಪ್ಪಳದ ನನ್ನ ಸಹೋದ್ಯೋಗಿ ಇನ್ನೊಂದು ಪಂಥವಾದ ಹನಫಿಯವರು. ಎಲುಬಿನ ವಿಷಯದಲ್ಲಿ ಅವರ ಗ್ರಂಥಗಳು ಸ್ವಲ್ಪ ಸಡಿಲ, ಸಿಗಡಿ-ಏಡಿಯ ವಿಷಯದಲ್ಲಿ ಬಿಗಿ. ಗ್ಲುಕೋಸಮೈನ್ ಸಾಮಾನ್ಯವಾಗಿ ಇವುಗಳ ಚಿಪ್ಪಿನಿಂದಲೇ ಬರುತ್ತದೆ. ನಮಗೆ ಸಿಗಡಿ ಅಡ್ಡಿಯಿಲ್ಲ, ಏಡಿಗೆ ಉಸ್ತಾದರು ಒಪ್ಪುವುದಿಲ್ಲ. ಲೇಬಲಿನಲ್ಲಿ "ಚಿಪ್ಪು ಜಲಚರ" ಎಂದಷ್ಟೇ ಇದ್ದರೆ ಯಾವುದೆಂದು ಹೇಳುವುದು? ಮೆಕ್ಕೆಜೋಳ ಹುದುಗಿಸಿ ಮಾಡಿದ, ಹಸಿರು ಚುಕ್ಕಿಯ ಗ್ಲುಕೋಸಮೈನ್ ಸಿಕ್ಕಿತು. ಇನ್ನೂರು ರೂಪಾಯಿ ಹೆಚ್ಚಾಯಿತು, ತಕರಾರು ಮುಗಿಯಿತು.

ವಿಟಮಿನ್ ಡಿಯದ್ದು ಇನ್ನೂ ಸುಲಭ. ಡಿ3ಯನ್ನು ಸಾಮಾನ್ಯವಾಗಿ ತೆಗೆಯುವುದು ಕುರಿಯ ಉಣ್ಣೆಯ ಜಿಡ್ಡಿನಿಂದ, ಜೀವಂತ ಕುರಿಯ ಉಣ್ಣೆಗೆ ಯಾರ ಆಕ್ಷೇಪವೂ ಇಲ್ಲ. ತೊಂದರೆ ಇದ್ದದ್ದು ಸಿಪ್ಪೆಯಲ್ಲಿ. ಡಾಕ್ಟರಿಗೆ ಹೇಳಿದೆ, ವಾರಕ್ಕೊಮ್ಮೆಯ ಅದೇ 60,000 ಐಯು ಪುಡಿಯ ಸ್ಯಾಶೆಯಲ್ಲಿ ಬರೆದುಕೊಟ್ಟರು. ಹಾಲಿಗೆ ಹಾಕಿ ಕಲಸಿದರಾಯ್ತು.

ಮೀನೆಣ್ಣೆ ಉಮ್ಮ ತಾವಾಗಿಯೇ ಬಿಟ್ಟರು. "ಅದಕ್ಕೆ ಕೊಡುವ ದುಡ್ಡಿಗೆ ಬೂತಾಯಿ ತಾ" ಎಂದರು. ಮೀನೆಣ್ಣೆಯಲ್ಲಿರುವ ಒಮೇಗಾ-3 ಆ ಮೀನಿನಲ್ಲೇ ಧಾರಾಳ ಉಂಟು.

ಉಳಿದದ್ದು ಮಗನ ವೇ. ಚೀಸ್ ಮಾಡುವಾಗ ಉಳಿಯುವ ನೀರಿನಿಂದ ಅದು ಬರುವುದರಿಂದ ಹಾಲು ಒಡೆಯಲು ಹಾಕಿದ ರೆನ್ನೆಟ್ ಕರುವಿನ ಹೊಟ್ಟೆಯದ್ದೋ ಸೂಕ್ಷ್ಮಜೀವಿಯದ್ದೋ ಎಂದು ಕೇಳಿ ಬರೆದಿದ್ದೇನೆ. ಹನ್ನೆರಡು ದಿನ ಆಯ್ತು. ಎರಡು ಕಿಲೋ ಡಬ್ಬಿಯ ಸೀಲು ಒಡೆದಿಲ್ಲ, ದಿನಕ್ಕೆ ಆರು ಮೊಟ್ಟೆ ಬೇಯುತ್ತಿದೆ.